ಇನ್ನೂರ ಹದಿನಾಲ್ಕನೇ ಪುಟ

ಫೆಬ್ರವರಿ ನಾಲ್ಕು, ಮಂಗಳವಾರ
ಊಟದ ಮೇಜಿನಿಂದ

ಕಿಟಕಿ ಮಹಾರಾಯ್ತಿಗೆ,

ಮೂರು ವರ್ಷದ ಮೇಲೆ ನನ್ನ ಕೈಬರಹ ನೋಡಿ ಹುಬ್ಬೇರಿಸುತ್ತೀಯ, ಗೊತ್ತು. ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಹನ್ನೊಂದು ವರ್ಷ ಚಳಿಗಾಲದ ಗಾಳಿಗೆ ಮುಖವೊಡ್ಡಿ ಕೂತವಳಿಗೆ ಏನಾಗುತ್ತದೆ? ನೆಗಡಿಯೆಲ್ಲ ಬಂದದ್ದು ಕಿವಿಗೆ ಮಫ್ಲರ್ ಸುತ್ತಿಕೊಂಡು ಎದುರು ಕೂತಿದ್ದ ನನಗೆ. ನೀನು ಕಿಟಕಿ ತೆಗೆಯುವುದು, ನಾನು ಮುಚ್ಚುವುದು. ಆಫೀಸಿನವರು ನಮಗೆ ಇಟ್ಟ ಹೆಸರುಗಳು ಸುಮ್ಮನೆ ಇಟ್ಟವಲ್ಲ ಬಿಡು.

ವಿಷಯಕ್ಕೆ ಬರುತ್ತೇನೆ. ನನಗೆ ತಲೆ ಚಿಟ್ಟು ಹಿಡಿದಿದೆ. ಮೊನ್ನೆ ಮಗಳು ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತು, "ಅಮ್ಮಾ, ನೀನು ಬಟ್ಟೆ ಒಗೆಯೋ ಮಷೀನ್ ಜೊತೆ ಜಗಳ ಆಡ್ತಿದ್ಯಾ?" ಅಂದಳು. ಜಗಳವಲ್ಲ, ಚರ್ಚೆ. 'ಅಣೆಕಟ್ಟು' ಎಂಬುದನ್ನು ಪುಸ್ತಕದ ಕೊನೆಯ ಪದಸೂಚಿಯಲ್ಲಿ ಬೇರೆಯಾಗಿ ಇಡಲೋ, 'ನದಿ'ಯ ಅಡಿಯಲ್ಲಿ ಸೇರಿಸಲೋ ಎಂದು ಕೇಳುತ್ತಿದ್ದೆ. ಅದು ಎರಡು ಸಲ ಗರಗರ ತಿರುಗಿ ನಿಂತಿತು. ಮನೆಯವರನ್ನು ಕೇಳಿದರೆ ಅಷ್ಟೂ ಉತ್ತರ ಬರುವುದಿಲ್ಲ. ಅವರು ಲಿಫ್ಟ್ ರಿಪೇರಿಯವರು, ಜೊತೆಗೆ ಐದು ಜನ ಮೆಕ್ಯಾನಿಕ್ಕುಗಳು. ದಿನವಿಡೀ ಒಬ್ಬರ ತಪ್ಪನ್ನು ಇನ್ನೊಬ್ಬರು ಕೂಗಿ ಹೇಳುತ್ತಾರಂತೆ. ಅದನ್ನೇ ಅವರು ಮನೆಗೆ ಬಂದು ದೂರುವುದು. ನನಗೋ ಅದನ್ನು ಕೇಳಿದರೆ ಹೊಟ್ಟೆಕಿಚ್ಚು. ನನ್ನ ತಪ್ಪನ್ನು ಕೂಗಿ ಹೇಳುವ ಪ್ರಾಣಿ ಒಂದೂ ಇಲ್ಲ.

ಪ್ರಕಾಶನದವರು ಪದಸೂಚಿ ವಿಭಾಗ ಮುಚ್ಚಿದ ದಿನ ನಿನಗೆ ನೆನಪಿರಬೇಕು. ವಿಭಾಗವೆಂದರೆ ಏನು, ಮೆಟ್ಟಿಲ ಪಕ್ಕದ ಒಂದು ಕೋಣೆ, ಎರಡು ಮೇಜು, ನಿನ್ನ ಆ ಹಾಳು ಕಿಟಕಿ, ನಾವಿಬ್ಬರು. ಇನ್ನು ಮನೆಯಿಂದಲೇ ಮಾಡಿ, ಪುಸ್ತಕ ಬಂದಾಗ ಹೇಳುತ್ತೇವೆ ಅಂದರು. "ಒಳ್ಳೇದೇ ಆಯ್ತು, ಇನ್ನು ನಾವೇ ರಾಜರು ಕಣೇ" ಅಂತ ನೀನು ಅಂದೆ. ರಾಜನೇ ಆಗಿದ್ದೇನೆ. ಪ್ರಜೆಯೂ ನಾನೇ, ಮಂತ್ರಿಯೂ ನಾನೇ, ಕಸ ಗುಡಿಸುವವಳೂ ನಾನೇ.

ಜೊತೆಗಾರರನ್ನು ಹುಡುಕಲಿಲ್ಲ ಎನ್ನಬೇಡ. ಮೊದಲು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿರುವ ಒಂದು ಹಾಲಿನಲ್ಲಿ ಮೇಜು ಹಿಡಿದೆ. ಫ್ರೀಲ್ಯಾನ್ಸರುಗಳೆಲ್ಲ ಒಂದೇ ಸೂರಿನಡಿ ಕೂತು ಕೆಲಸ ಮಾಡುವ ಜಾಗವಂತೆ. ಇಪ್ಪತ್ತೆರಡು ಜನ, ಇಪ್ಪತ್ತೆರಡು ಹೆಡ್‌ಫೋನು. ಕೆಳಗಿನಿಂದ ಹಲ್ಲು ಕೊರೆಯುವ ಸದ್ದು. ಅದನ್ನು ನಡೆಸುವವನಿಗೆ ಉತ್ಸಾಹದ ಕಾಯಿಲೆ. ಹನ್ನೊಂದು ಗಂಟೆಗೆ ಒಂದು ಗಂಟೆ ಬಾರಿಸುತ್ತಾನೆ, ಎಲ್ಲರೂ ಎದ್ದು ಪಕ್ಕದವರ ಪರಿಚಯ ಮಾಡಿಕೊಳ್ಳಬೇಕು. ನನ್ನ ಪಕ್ಕ ಕಂಪನಿಗಳಿಗೆ ಲಾಂಛನ ಬರೆಯುವ ಹುಡುಗಿ. ಏನು ಮಾಡ್ತೀರಿ ಅಂದಳು. ಪುಸ್ತಕದ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಅಂತ ಪಟ್ಟಿ ಇರುತ್ತಲ್ಲ, ಅದನ್ನು ಮಾಡುತ್ತೇನೆ ಅಂದೆ. "ಅಯ್ಯೋ, ಅದನ್ನ ಕಂಪ್ಯೂಟರೇ ಮಾಡಲ್ವಾ?" ಮರುದಿನ ಇನ್ನೊಬ್ಬ, ಅದೇ ಪ್ರಶ್ನೆ. ಅದರ ಮರುದಿನ ಗಂಟೆ ಬಾರಿಸುವವನೇ. ಹೇಳಿದ್ದೇ ಹೇಳುವ ಕಿಸಬಾಯಿದಾಸನಾಗಿ ಕೊನೆಕೊನೆಗೆ ನಾನೇ, "ನಮಸ್ಕಾರ, ಇಲ್ಲ, ಕಂಪ್ಯೂಟರ್ ಮಾಡಲ್ಲ" ಎಂದು ಪರಿಚಯ ಶುರುಮಾಡಿದೆ. ತಿಂಗಳು ಮುಗಿಯುವ ಮೊದಲೇ ಚೀಲ ಎತ್ತಿಕೊಂಡು ಬಂದೆ.

ಆಮೇಲೆ ಫೋನಿನಲ್ಲಿ ಒಂದು ಗುಂಪು. ಬರೆಯುವವರು, ತಿದ್ದುವವರು, ಅನುವಾದಿಸುವವರು ಎಲ್ಲ ಸೇರಿ ನೂರಾ ಅರವತ್ತು ಜನ. ಬೆಳಗಾದರೆ ಗುಲಾಬಿ ಹೂವಿನ ಚಿತ್ರ, ಅದಕ್ಕೆ ನಲವತ್ತು ಮರುಗುಲಾಬಿ. ಒಂದು ದಿನ ಧೈರ್ಯ ಮಾಡಿ ಕೇಳಿದೆ: ಜೀವನಚರಿತ್ರೆಯ ನಡುವೆ ಮನುಷ್ಯ ಹೆಸರು ಬದಲಾಯಿಸಿಕೊಂಡರೆ ನೀವು ಯಾವ ಹೆಸರಿನ ಕೆಳಗೆ ಪುಟಗಳನ್ನು ಹಾಕುತ್ತೀರಿ? ಹನ್ನೊಂದು ಹೆಬ್ಬೆರಳು ಬಂದವು. ಒಬ್ಬರು ಕೈ ಮುಗಿದರು. ಒಬ್ಬರು ಬೆನ್ನುನೋವಿಗೆ ಒಳ್ಳೆಯದೆಂದು ಕುರ್ಚಿಯ ಜಾಹೀರಾತು ಕಳಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸುವುದೆಂದರೆ ಇದೇ. ನೀನಾಗಿದ್ದರೆ ಎರಡು ದಿನ ಮಾತುಬಿಟ್ಟು ಜಗಳವಾಡುತ್ತಿದ್ದೆ, ಮೂರನೇ ದಿನ ಸರಿಯಾದ ಉತ್ತರ ಸಿಕ್ಕಿರುತ್ತಿತ್ತು.

ಕೊನೆಯದು ಗುರುವಾರದ ಬಳಗ. ಗ್ರಂಥಾಲಯದ ನೆಲಮಾಳಿಗೆ, ಕುರ್ಚಿಗಳು ದುಂಡಗೆ, ನಡುವೆ ಒಬ್ಬಳು ತರಬೇತುದಾರ್ತಿ. ಕೈಗೊಂದು ಉಣ್ಣೆಯ ಉಂಡೆ ಕೊಟ್ಟು, ಒಬ್ಬರು ಇನ್ನೊಬ್ಬರಿಗೆ ಎಸೆಯಿರಿ, ಎಳೆ ಮಾತ್ರ ಬಿಡಬೇಡಿ, ನೋಡಿ ಹೇಗೆ ನಾವೆಲ್ಲ ಒಂದೇ ಬಲೆ ಆಗ್ತೀವಿ ಅಂದಳು. ಆದೆವು. ಅಷ್ಟರಲ್ಲಿ ಒಬ್ಬರಿಗೆ ಫೋನ್ ಬಂದು ದಡಕ್ಕನೆ ಎದ್ದರು. ಇಡೀ ಬಲೆ ನನ್ನ ಮಫ್ಲರಿಗೆ ಸಿಕ್ಕಿಕೊಂಡಿತು. ಅರ್ಧ ಗಂಟೆ ಬಿಡಿಸಿದರು. ಬಿಡಿಸಿದವರು ಮುದುಕರೊಬ್ಬರು, ಕರಡು ತಿದ್ದುವ ಕೆಲಸದಲ್ಲಿ ಕಣ್ಣು ಸವೆಸಿದವರು, ಗಂಟು ಬಿಚ್ಚುವ ತಾಳ್ಮೆ ಅವರಿಗಿತ್ತು. ನನ್ನ ಕೆಲಸ ಏನೆಂದು ಹೇಳಿದೆ. ಕಿಟಕಿ, ಅವರು ಕಂಪ್ಯೂಟರ್ ಅನ್ನಲಿಲ್ಲ! ಚೀಲದಿಂದ ಒಂದು ಪುಸ್ತಕ ತೆಗೆದರು, ಬೇರೆ ಪ್ರಕಾಶನದವರು ಕಳೆದ ವರ್ಷ ತಂದ ಬೀಗ ಮತ್ತು ಕೀಲಿಗಳ ಚರಿತ್ರೆ. "ಇದರ ಸೂಚಿ ನೋಡಿ, ಎಷ್ಟು ಚೊಕ್ಕವಾಗಿದೆ. ಯಾರು ಮಾಡಿದ್ರೋ, ಹೆಸರು ಹಾಕಿಲ್ಲ. ಒಂದೇ ಒಂದು ತಪ್ಪು ಬಿಟ್ಟಿದಾರೆ, ಪಾಪ" ಅಂದರು.

ಮನೆಗೆ ತಂದು ಮೊದಲಿನಿಂದ ಕೊನೆಯವರೆಗೆ ಓದಿದೆ. ಪದಸೂಚಿಯನ್ನು ಕಥೆಯ ಹಾಗೆ ಓದುವವರು ಈ ಲೋಕದಲ್ಲಿ ಮೂರೇ ಜನ ಇರಬೇಕು, ನಾನು, ನೀನು, ಈಗ ಆ ಮುದುಕರು. 'ಕಳ್ಳಕೀಲಿ' ದಾಟಿದೆ. ಆಮೇಲೆ ಬಂತು: 'ಕಿಟಕಿ, ತೆಗೆಯಬೇಕೋ ಮುಚ್ಚಬೇಕೋ ಎಂಬ ಜಗಳ, 214'. ಬೀಗದ ಪುಸ್ತಕದಲ್ಲಿ ಇದೇನು? ಪುಟ ತಿರುಗಿಸಿದೆ. ಪುಸ್ತಕ ಇನ್ನೂರ ಹದಿಮೂರಕ್ಕೇ ಮುಗಿಯುತ್ತದೆ. ಇನ್ನೂರ ಹದಿನಾಲ್ಕು ಖಾಲಿ.

ಮುದುಕರಿಗೆ ಅದು ತಪ್ಪು. ಹದಿನಾಲ್ಕು ವರ್ಷ ಈ ಕೆಲಸ ಮಾಡಿದ ನನಗೆ ಅದು ತಪ್ಪಲ್ಲ ಎಂದು ತಿಳಿಯದೇ? ನೀನು ಪುಟಸಂಖ್ಯೆ ತಪ್ಪಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಅಡುಗೆಮನೆಯಲ್ಲಿ ನಿಂತು ಗೊಳೋ ಎಂದು ಅತ್ತೆ. ಆಮೇಲೆ ಕೋಪ ಬಂತು. ಫೋನ್ ಇದೆ, ಅಂಚೆ ಇದೆ, ಬಸ್ಸು ಹತ್ತಿದರೆ ನಲವತ್ತು ನಿಮಿಷದ ದಾರಿ. ಇವಳಿಗೆ ಬೀಗದ ಚರಿತ್ರೆಯೇ ಬೇಕಾಯಿತೇ? ನಾನು ಆ ಪುಸ್ತಕ ನೋಡದೇ ಹೋಗಿದ್ದರೆ? ಇನ್ನು ಯಾವ ಯಾವ ಪುಸ್ತಕದಲ್ಲಿ ಏನೇನು ಬರೆದಿಟ್ಟಿದ್ದೀಯೋ ತಾಯಿ, ಹುಡುಕಲು ನನಗೆ ಆಯಸ್ಸು ಸಾಲುವುದಿಲ್ಲ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ನಮ್ಮ ಹಳೆಯ ಸಂಪಾದಕಿ ನದಿಗಳ ಮೇಲಿನ ಪುಸ್ತಕವೊಂದನ್ನು ನನ್ನ ಮುಂದಿಟ್ಟಿದ್ದಾರೆ. ಎರಡು ಸಂಪುಟ, ಸಾವಿರದ ನೂರು ಪುಟ. ಇಪ್ಪತ್ತನೇ ತಾರೀಖಿನೊಳಗೆ ಮಾಡುತ್ತೇನೋ ಇಲ್ಲವೋ ಹೇಳಬೇಕು. ಇಂಥ ಪುಸ್ತಕ ಜೀವನದಲ್ಲಿ ಒಮ್ಮೆ ಬರುತ್ತದೆ. ಆದರೆ ಒಬ್ಬಳೇ ಮಾಡಲಾರೆ. ನನಗೆ ನನ್ನ ಮೇಲಿನ ನಂಬಿಕೆ ಆ 'ಮನೆ ದುರಸ್ತಿ ಕೈಪಿಡಿ'ಯ ದಿನವೇ ಹೋಯಿತು. ನಾನು ಒಂದೊಂದೇ ನಮೂದು ಓದಿ ಹೇಳಬೇಕು, ನೀನು ಜಗತ್ತಿನ ಅತಿ ದಡ್ಡ ಓದುಗರ ಹಾಗೆ ಪುಟ ತೆಗೆದು ನೋಡಿ, "ಇಲ್ಲೇನೂ ಇಲ್ವಲ್ಲ" ಅನ್ನಬೇಕು. ಆ ಮಾತು ಕೇಳಿ ಮೂರು ವರ್ಷವಾಯಿತು.

ಕೈಪಿಡಿಯ ವಿಷಯ ಎತ್ತದೆ ವಿಧಿಯಿಲ್ಲ. ಮನೆಗೆ ಬಂದ ಮೇಲಿನ ನನ್ನ ಮೊದಲ ಪುಸ್ತಕ. ಒಬ್ಬಳು ಮಾಡಿದ್ದನ್ನು ಇನ್ನೊಬ್ಬಳು ಓದದೆ ಕಳಿಸಬಾರದು ಎಂದು ಮಾತು ಕೊಟ್ಟುಕೊಂಡಿದ್ದೆವು. ಅಚ್ಚಾಗಿ ಬಂದದ್ದು ಹೀಗೆ: 'ಗೋಡೆಯ ತೇವ: ಸೋರಿಕೆ ನೋಡಿ'. ಸೋರಿಕೆಗೆ ಹೋದರೆ 'ಗೋಡೆಯ ತೇವ ನೋಡಿ'. ಪುಟಸಂಖ್ಯೆ ಎರಡೂ ಕಡೆ ಇಲ್ಲ. ಪತ್ರಿಕೆಯಲ್ಲಿ ವಿಮರ್ಶೆ ಬರೆದವನು, ಚಾವಣಿ ಸೋರುವಾಗ ಈ ಪುಸ್ತಕ ಹಿಡಿದವರು 'ಗ' ಅಕ್ಷರಕ್ಕೂ 'ಸ' ಅಕ್ಷರಕ್ಕೂ ಓಡಾಡುತ್ತ ಮುಳುಗಿಹೋಗುತ್ತಾರೆ ಎಂದು ನಕ್ಕ. ಸಂಪಾದಕಿ ಕರೆದು, ಯಾರೂ ನೋಡಲಿಲ್ಲವೇ ಎಂದು ಕೇಳಿದಾಗ ನಾನು ನಿನ್ನ ಹೆಸರು ಹೇಳಿದೆ. ಅವರು ನಿನಗೆ ಪುಸ್ತಕ ಕೊಡುವುದನ್ನು ನಿಲ್ಲಿಸಿದರು. ನೀನು ಫೋನಿನಲ್ಲಿ, "ನಾನು ಗುರುತು ಹಾಕಿ ಕಳ್ಸಿದ್ದೆ ಕಣೇ, ಅಂಚೆಗೆ ನಾನೇ ಹಾಕಿದೀನಿ" ಅಂದೆ. ಬಂದೇ ಇಲ್ಲ ಅಂದೆ ನಾನು. ನೀನು ಅಂಚೆ ಕಚೇರಿಗೆ ಹೋಗಿ ಅಲ್ಲಿಯ ಗುಮಾಸ್ತನ ಜೊತೆ ಜಗಳವಾಡಿ ಬಂದೆಯಂತೆ. ಮತ್ತೆ ಫೋನ್ ಮಾಡಿ, ದನಿ ತಗ್ಗಿಸಿ, "ಹಾಕಿದ್ದೆ ಅಂತಲೇ ನೆನಪು" ಅಂದೆ. ಆ 'ನೆನಪು' ಎಂಬ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಯಾಕೆ ಎಂದು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಅಂಚೆಯ ವಿಷಯ ಆಮೇಲೆ.

ಯಾರಾದರೂ ಲಕೋಟೆ ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ. ಇರಲಿ. ನನ್ನ ಕೋರಿಕೆ ಇಷ್ಟೇ: ನದಿಯ ಪುಸ್ತಕಕ್ಕೆ ನೀನು ಬೇಕು. ಊಟದ ಮೇಜು ದೊಡ್ಡದಿದೆ, ಕಿಟಕಿಯ ಕಡೆಯ ಕುರ್ಚಿ ನಿನಗೆ. ಬಸ್ಸು ನಿಮ್ಮ ಬೀದಿಯ ತಿರುವಿನಲ್ಲೇ ನಿಲ್ಲುತ್ತದೆ.

ಹನ್ನೊಂದು ವರ್ಷ ನಿನ್ನಿಂದ ನೆಗಡಿ ಹಚ್ಚಿಸಿಕೊಂಡವಳು,
ಮಫ್ಲರ್

ಮರೆತ ಮಾತು, ಬುಧವಾರ: ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ನೋಡಿದೆಯಾ? ಬೀಗದ ಪುಸ್ತಕದ ಆ ಖಾಲಿ ಪುಟ, ಇನ್ನೂರ ಹದಿನಾಲ್ಕು. ಬ್ಲೇಡಿನಿಂದ ಕತ್ತರಿಸಿದೆ. ಹಿಂಬದಿಯಲ್ಲಿ ಪುಸ್ತಕದ ಕೊನೆಯ ಪುಟವೂ ಬಂದುಬಿಟ್ಟಿತು. ಮುದುಕರಿಗೆ ಹೊಸ ಪ್ರತಿ ಕೊಡಬೇಕು.

ಮರೆತದ್ದೇನೂ ಅಲ್ಲ, ಸುಳ್ಳು. ನಿನ್ನ ಲಕೋಟೆ ಬಂದಿತ್ತು. ನಾನು ನಿನಗೆ ಕಾಯದೆ, ಬೇಗ ಮುಗಿಸಿದಳು ಎನ್ನಿಸಿಕೊಳ್ಳುವ ಆಸೆಗೆ, ಹಿಂದಿನ ದಿನವೇ ಸೂಚಿಯನ್ನು ಕಳಿಸಿಬಿಟ್ಟಿದ್ದೆ. ಮಾರನೇ ದಿನ ನಿನ್ನದು ಬಂತು. ತೆಗೆದು ನೋಡಿದೆ. ಗೋಡೆಯ ತೇವಕ್ಕೂ ಸೋರಿಕೆಗೂ ಕೆಂಪು ಪೆನ್ಸಿಲಿನ ಸುತ್ತು ಹಾಕಿ, ನಡುವೆ ಬಾಣದ ಗುರುತು ಎಳೆದು, 'ಎಲ್ಲಿಗೆ ಹೋಗ್ಲಿ ಮಾರಾಯ್ತಿ?' ಎಂದು ನೀನು ಬರೆದಿದ್ದೆ. ಸಂಪಾದಕಿಗೆ ಒಂದು ಫೋನ್ ಮಾಡಿದ್ದರೆ ಸರಿಹೋಗುತ್ತಿತ್ತು. ನಾಚಿಕೆಯಾಯಿತು, ಮಾಡಲಿಲ್ಲ. ಆಮೇಲೆ ನಿನ್ನ ಹೆಸರು ಹೇಳಿದೆ. ಆ ಲಕೋಟೆಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ನಿನ್ನ ನೆನಪು ಸರಿಯಾಗಿಯೇ ಇದೆ, ಅಂಚೆಯ ಗುಮಾಸ್ತನದೂ ಏನೂ ತಪ್ಪಿಲ್ಲ.

ಇವತ್ತು ಬೆಳಿಗ್ಗೆ ಸಂಪಾದಕಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಕೊನೆಗೆ, ನದಿಗಳನ್ನು ಅವರಿಗೇ ಕೊಡ್ತೀನಿ ಅಂದರು. ಅವರು ಎಂದರೆ ನೀನು. ಮುಂದಿನ ವಾರ ನಿನಗೆ ಫೋನ್ ಬರುತ್ತದೆ, ಹೂಂ ಅನ್ನು. ನಾನು ಮೇಲೆ ಕೇಳಿದ್ದನ್ನು ತಿರುಗಿಸಿ ಓದಿಕೋ: ನೀನು ಮಾಡು, ದಡ್ಡಿಯಾಗಿ ನಾನು ಪುಟ ತೆಗೆಯುತ್ತೇನೆ. ಅದಕ್ಕೂ ಬೇಡ ಅಂದರೆ ಬೇಡ ಎಂದೇ ಬರಿ, ದಯವಿಟ್ಟು ಮತ್ತೊಂದು ಪುಸ್ತಕದ ಪದಸೂಚಿಯಲ್ಲಿ ಮಾತ್ರ ಬರೆಯಬೇಡ.

ಬೆಳಗಿನಿಂದ ಕಿಟಕಿ ತೆಗೆದಿಟ್ಟುಕೊಂಡು ಕೂತಿದ್ದೇನೆ. ಚಳಿ. ಬೇಗ ಉತ್ತರ ಹಾಕು.