ಮಸಾಲೆ ಡಬ್ಬದಲ್ಲಿದ್ದ ಎಲೆ

ಪುಟ್ಟಿ,

ನಾನು ಮೊದಲ ಪಾಳಿಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೀನಿ. ತಿಂಡಿ ಆದ ಮೇಲೆ ಮಾತ್ರೆ ತಗೋ, ಮರೆತೆ ಅನ್ನಬೇಡ. ಮಾಟಗಾತಿಯರು ಅಂತ ಹೇಳಿಕೊಳ್ಳೋ ನಿನ್ನ ಗೆಳತಿಯರ ಚಂದ್ರಪೂಜೆಯಿಂದ ಮನಸ್ಸು ಹಗುರಾಗೋದಾದರೆ ಮಾಡಲಿ, ಮಾತ್ರೆ ಬಿಡೋದು ಬೇಡ ಅಂತ ಡಾಕ್ಟರೇ ಹೇಳಿದ್ದಾರೆ. ಮೇಣದಬತ್ತಿ ಹಚ್ಚಿದರೆ ತಟ್ಟೆ ಮೇಲಿಡು, ಪರದೆ ಪಕ್ಕ ಬೇಡ.

ಇನ್ನು ಬೈಗುಳ. ಹುಣ್ಣಿಮೆಗೆ ಸುಟ್ಟರೆ ಹೋಗುತ್ತೆ ಅಂತ ನಿನ್ನ ಭಯಗಳನ್ನ ಬರೆದ ಪಲಾವ್ ಎಲೆಗಳನ್ನ ಯಾರಾದರೂ ಮಸಾಲೆ ಡಬ್ಬದಲ್ಲಿ ಇಡ್ತಾರೇನೇ? ನಾನು ನೋಡದೆ ನಿನ್ನೆ ಬೇಳೆ ಸಾರಿಗೆ ಹಾಕಿಬಿಟ್ಟೆ. ನಿನ್ನ ಭಯಾನೆಲ್ಲ ಮನೆಮಂದಿ ಹಂಚಿಕೊಂಡು ತಿಂದಿದ್ದೀವಿ. ಯಾರಿಗೂ ಹೊಟ್ಟೆನೋವು ಬಂದಿಲ್ಲ. ಅಪ್ಪ ಎರಡನೇ ಸಲ ಬಡಿಸಿಕೊಂಡರು.

ಪಾತ್ರೆ ತೊಳೆಯುವಾಗ ಒಂದು ಎಲೆ ಕೈಗೆ ಸಿಕ್ಕಿತು. ಅಷ್ಟು ಬೆಂದರೂ ಪೆನ್ಸಿಲ್ ಅಕ್ಷರ ಅಳಿಸಿರಲಿಲ್ಲ: 'ಅಕ್ಕನಿಗೆ ನಾನು ಹೊರೆ.'

ಡಬ್ಬದಲ್ಲಿ ಉಳಿದ ಖಾಲಿ ಎಲೆಗಳನ್ನೆಲ್ಲ ನಿನ್ನ ಮೇಜಿನ ಮೇಲಿಟ್ಟಿದ್ದೀನಿ. ನಿದ್ದೆ ಬರಲ್ಲ ಅಂತ ಬರಿ, ಬಸ್ಸು ಹತ್ತೋಕೆ ಭಯ ಅಂತ ಬರಿ, ಎಷ್ಟು ಬೇಕಾದರೂ ಸುಡು. ಆ ಒಂದು ಸಾಲಿಗೆ ಮಾತ್ರ ಇನ್ನೊಂದು ಎಲೆ ದಂಡ ಮಾಡಿದರೆ ನೋಡು.

ಅಕ್ಕ