ಇಲ್ಲದ ಗಾಳವನ್ನು ಹದಿನೈದು ದಿನದೊಳಗೆ ಒಪ್ಪಿಸುವ ಬಗ್ಗೆ

ಮಾನ್ಯ ಉದ್ಯಾನಾಧಿಕಾರಿಗಳೇ,

ನಮ್ಮ ಮಾವನವರು ಬಚ್ಚಿಟ್ಟಿದ್ದಾರೆಂದು ನೀವು ಹೇಳುತ್ತಿರುವ ಗಾಳ ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಇಲ್ಲದ ಆ ಗಾಳವನ್ನು ಹದಿನೈದು ದಿನದೊಳಗೆ ಕಚೇರಿಗೆ ಒಪ್ಪಿಸಬೇಕೆಂದು ನೋಟಿಸು ಕಳಿಸಿದ್ದೀರಿ. ಇವತ್ತಿಗೆ ಹನ್ನೊಂದು ದಿನ. ಎಪ್ಪತ್ತೆಂಟು ವರ್ಷದ ನಮ್ಮ ಮಾವ ಹನ್ನೊಂದು ದಿನದಿಂದಲೂ ಅದನ್ನು ಹುಡುಕುತ್ತಿದ್ದಾರೆ. ನಾನು ಇದನ್ನು ಬರೆಯುತ್ತಿರುವಾಗಲೂ ಪಕ್ಕದ ಕೋಣೆಯಲ್ಲಿ ನನ್ನ ಸೂಜಿ, ಗುಂಡಿಗಳ ಡಬ್ಬಿಗಳನ್ನು ಒಂದೊಂದಾಗಿ ನೆಲಕ್ಕೆ ಸುರಿಯುತ್ತಿರುವ ಸದ್ದು ಕೇಳುತ್ತಿದೆ. ಈಗಾಗಲೇ ಎರಡು ಸಲ ಎದ್ದು ಹೋಗಿ ಸೂಜಿಗಳನ್ನು ಆರಿಸಿಟ್ಟು ಬಂದೆ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗಂಡ ದೂರದೂರಿನ ಬಸ್ಸು ಓಡಿಸುತ್ತಾರೆ. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮಾವ ದೊಡ್ಡ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಮೂವತ್ತೊಂದು ವರ್ಷ ಕಾಗದಗಳ ಮೇಲೆ ಮೊಹರು ಒತ್ತಿದವರು. ಮೂರು ವರ್ಷದಿಂದ ನೆನಪು ಕೈಕೊಡುತ್ತಿದೆ. ನನ್ನ ಹೆಸರು ಮರೆತಿದ್ದಾರೆ, ಉಂಡದ್ದು ಮರೆಯುತ್ತಾರೆ, ಬಾಗಿಲು ತೆರೆದಿದ್ದರೆ ಹೊರಟೇಬಿಡುತ್ತಾರೆ. ಅವರು ನೆಮ್ಮದಿಯಾಗಿ ಎರಡು ಗಂಟೆ ಕೂರುತ್ತಿದ್ದ ಜಾಗ ಒಂದೇ: ನಿಮ್ಮ ಪಾರ್ಕಿನ ಜಲಾಶಯದ ಕಲ್ಲುಕಟ್ಟೆ, ಕೈಯಲ್ಲಿ ಗಾಳದ ಕೋಲು. ನಿಮ್ಮ ನಿಯಮಗಳು ನನಗೆ ಬಾಯಿಪಾಠ. ಗೆಂಡೆಯಂಥ ಸಾಮಾನ್ಯ ಮೀನನ್ನಷ್ಟೇ ಹಿಡಿಯಬೇಕು, ಹಿಡಿದದ್ದನ್ನು ನೀರಿಗೇ ಬಿಡಬೇಕು, ಕೊರಳಲ್ಲಿ ಪಾಸ್ ತೂಗುತ್ತಿರಬೇಕು, ಮೀನಿನ ಬಾಯಿ ಹರಿಯದಂತೆ ಗಾಳದ ತುದಿಗೆ ಹಿಂದಕ್ಕೆ ಚಾಚಿದ ಹಿಮ್ಮುಳ್ಳು ಇರಕೂಡದು. ಮೀನಿನ ಬಾಯಿಯ ಬಗ್ಗೆ ಇಷ್ಟು ಮರುಗುವ ಕಚೇರಿ ಮನುಷ್ಯರ ಬಾಯಿಯಿಂದ ಬರುವ ಮಾತನ್ನೂ ಒಂದು ಸಲ ಕೇಳಬಹುದಿತ್ತು.

ಎರಡು ವರ್ಷದ ಹಿಂದೆ ಆ ಗಾಳ ಮಾವನ ಹೆಬ್ಬೆರಳಿನ ಉಗುರಿನಡಿ ಇಳಿದಿತ್ತು. ಅವರು ಯಾರಿಗೂ ಹೇಳದೆ, ಬೆರಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ನಡೆದು ಬಂದರು. ನಾನು ನೋಡಿದ್ದು ಜೇಬು ಕೆಂಪಾದ ಮೇಲೆ. ಡಾಕ್ಟರು ಗಾಳವನ್ನು ಕಿತ್ತು ಕಸದ ಬುಟ್ಟಿಗೆ ಹಾಕಿ, “ಇನ್ನು ಕೋಲು ಕೊಡ್ಬೇಡಮ್ಮ” ಅಂದರು. ಕೊಡಲಿಲ್ಲ. ನಾಲ್ಕನೇ ದಿನ ಮಾವ ಮನೆಯಿಂದ ಕಾಣೆಯಾದರು. ಇಡೀ ದಿನ ಹುಡುಕಿದ ಮೇಲೆ ಹೆದ್ದಾರಿಯ ಪಕ್ಕ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದವರು ಸಿಕ್ಕಿದರು. ಅವತ್ತು ನಾನು ಅಂಗಳದಲ್ಲಿ ಕೂತು ಅತ್ತೆ. ಮರುದಿನ ಕೋಲು ತೆಗೆದು, ದಾರದ ತುದಿಗೆ ಗಾಳದ ಬದಲು ಅಂಗಿಯ ಗುಂಡಿಯೊಂದನ್ನು ಕಟ್ಟಿದೆ. ಅದರ ಸುತ್ತ ಹಿಟ್ಟಿನ ಉಂಡೆ ಮೆತ್ತಿ ಅವರ ಕೈಗೆ ಕೊಟ್ಟೆ. ಕಣ್ಣು ಮಂಜಾದ್ದರಿಂದ ಅವರಿಗೆ ತಿಳಿಯಲಿಲ್ಲ. ಮೀನು ಬಂದು ಹಿಟ್ಟು ತಿನ್ನುತ್ತದೆ, ನೀರ ಮೇಲೆ ತೇಲುವ ಬೆಂಡು ಮುಳುಗುತ್ತದೆ, ಮಾವ ಎಳೆಯುತ್ತಾರೆ, “ಕಳ್ಳ ನನ್ಮಗ, ತಿಂದ್ಕೊಂಡು ಹೋದ” ಎಂದು ನಗುತ್ತಾರೆ. ಎರಡು ವರ್ಷ ಹೀಗೇ ನಡೆಯಿತು. ಪಕ್ಕದಲ್ಲಿ ಕೂತು ನಾನು ಕಾಜ ಹೊಲಿಯುತ್ತಿದ್ದೆ. ನಿಮ್ಮ ಮೀನುಗಳೂ ದಪ್ಪಗಾದವು. ಇದರಲ್ಲಿ ಯಾರಿಗೆ ನಷ್ಟವಾಯಿತು, ಹೇಳಿ ನೋಡೋಣ.

ಹನ್ನೆರಡು ದಿನದ ಹಿಂದೆ ನಾನು ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಂಡು ಬರುವಷ್ಟರಲ್ಲಿ ನಿಮ್ಮ ಕಾವಲುಗಾರರು ಕೋಲನ್ನು ಕಿತ್ತುಕೊಂಡಿದ್ದರು. ಗಾಳ ತೋರಿಸಿ ಎಂದರಂತೆ, ತುದಿಯಲ್ಲಿ ಗಾಳ ಕಾಣಲಿಲ್ಲವಂತೆ. ಅಷ್ಟೇ ಸಾಕಾಯಿತು. ಹಿಮ್ಮುಳ್ಳಿನ ಗಾಳವಿತ್ತು, ಕಾವಲುಗಾರರನ್ನು ಕಂಡೊಡನೆ ಕತ್ತರಿಸಿ ಬಚ್ಚಿಟ್ಟರು ಎಂದು ಬರೆದುಕೊಂಡರು. ಅಂಗಿಯ ಗುಂಡಿ ಹಾಕುವುದಕ್ಕೇ ಬೆರಳು ನಡುಗುವ ಮುದುಕರು ಕಣ್ಣು ಮಿಟುಕಿಸುವಷ್ಟರಲ್ಲಿ ದಾರ ಕತ್ತರಿಸಿ, ಗಾಳ ಮಾಯ ಮಾಡಿ, ಆ ಜಾಗದಲ್ಲಿ ಗುಂಡಿ ಕಟ್ಟಿ, ಹಿಟ್ಟನ್ನೂ ಮೆತ್ತಿದರು! ಇಂಥ ಕೈಚಳಕ ನಿಜವಾಗಿದ್ದರೆ ನಾನು ಅವರನ್ನು ಹೊಲಿಗೆಗೆ ಕೂರಿಸುತ್ತಿದ್ದೆ. ಜಪ್ತಿ ಪಟ್ಟಿಯನ್ನು ಮಾತ್ರ ಅಚ್ಚುಕಟ್ಟಾಗಿ ಬರೆದಿದ್ದಾರೆ: ಕೋಲು ಒಂದು, ದಾರ ಒಂದು, ಬೆಂಡು ಒಂದು, ಬಿಳಿ ಗುಂಡಿ ಒಂದು, ನಾಲ್ಕು ತೂತಿನದು. ಗುಂಡಿಯ ತೂತು ಎಣಿಸಿದವರು ಅದು ಅಲ್ಲಿಗೆ ಹೇಗೆ ಬಂತೆಂದು ಯೋಚಿಸಲಿಲ್ಲ.

ಮಾವನನ್ನು ನೆರೆಮನೆಯವರ ಹತ್ತಿರ ಬಿಟ್ಟು, ನಾನೊಬ್ಬಳೇ ನಿಮ್ಮ ಕಚೇರಿಗೆ ಬಂದೆ. ಎರಡನೇ ಮೇಜಿನ ಗುಮಾಸ್ತರಿಗೆ ನಡೆದದ್ದನ್ನೆಲ್ಲ ಹೇಳಿದೆ.

“ಗಾಳ ಇರ್ಲೇ ಇಲ್ಲ ಅಂತೀರಾ?” ಅಂದರು.

“ಇರ್ಲಿಲ್ಲ ಸರ್. ನಾನೇ ಬಿಚ್ಚಿದ್ದು.”

“ಹಾಗಾದ್ರೆ ಅವ್ರು ಮೀನೇ ಹಿಡೀತಿರ್ಲಿಲ್ಲ ಅಂತಾಯ್ತು. ಮೀನು ಹಿಡಿಯೋಕೆ ಅಂತ ಹೇಳಿ ಪಾಸ್ ಮಾಡಿಸ್ಕೊಂಡಿದೀರಿ. ಅದು ಇನ್ನೊಂದು ತಪ್ಪು, ನೋಡಿ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ಕೆಟ್ಟವರಲ್ಲ, ಕೂರಲು ಕುರ್ಚಿ ಎಳೆದು ಕೊಟ್ಟರು. ಆಮೇಲೆ ದನಿ ತಗ್ಗಿಸಿ, “ಒಂದ್ ಕೆಲ್ಸ ಮಾಡಿ. ಪಾಸಿನವ್ರನ್ನೇ ಕರ್ಕೊಂಡ್ಬನ್ನಿ. ಗಾಳ ಇರ್ಲಿಲ್ಲ ಅಂತ ಅವ್ರೇ ಕೈಯಾರೆ ಬರ್ದು ಕೊಡ್ಲಿ, ಮುಗಿಸೋಣ” ಅಂದರು. ಮುಗಿಯುತ್ತದೆ, ನಿಜ. ಆದರೆ ಅದನ್ನು ಬರೆಯಬೇಕಾದರೆ ಅದು ಮಾವನಿಗೆ ಮೊದಲು ಗೊತ್ತಾಗಬೇಕಲ್ಲ? ಎರಡು ವರ್ಷದಿಂದ ನೀವು ಮೀನು ಹಿಡಿದಿಲ್ಲ ಮಾವ, ಗುಂಡಿಗೆ ಹಿಟ್ಟು ಮೆತ್ತಿ ನಿಮ್ಮನ್ನು ಕೂರಿಸಿದ್ದೆ ಎಂದು ನಾನು ಅವರ ಮುಖ ನೋಡಿಕೊಂಡು ಹೇಳಬೇಕೇ? ಅವರಲ್ಲಿ ಉಳಿದಿರುವುದು ಅದೊಂದೇ ಸ್ವಾಮಿ. ಅದನ್ನೂ ನನ್ನ ಕೈಯಿಂದಲೇ ಕೀಳಿಸುತ್ತೀರಾ? ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ದಿನ ಅವರ ಕಣ್ಣಿಗೆ ಬೀಳದ ಹಾಗೆ ಆ ಹಾಳೆಯನ್ನು ಹೊಲಿಗೆಯ ಅಳತೆಯ ಕಾಗದ ಮಾಡಿ ಕತ್ತರಿಸಿಬಿಡುತ್ತೇನೆ. ಯಾರಾದರೂ ಓದಿ ಹೇಳಿಬಿಟ್ಟಾರು ಎಂಬ ಹೆದರಿಕೆಯಂತೂ ಇದ್ದೇ ಇದೆ. ಆಮೇಲೆ ನಿಮ್ಮ ಕಚೇರಿಗೆ ಕೊಟ್ಟ ಮೂರು ಅರ್ಜಿಗೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದದ್ದರಿಂದ ಪತ್ರಿಕೆಗೆ ಬರೆಯದೆ ಬೇರೆ ದಾರಿ ಉಳಿಯಲಿಲ್ಲ.

ನಿಮ್ಮ ನೋಟಿಸಿನಲ್ಲಿ ‘ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು’ ಎಂದಿದೆ. ನಿಮಗೆ ಅದು ಎಲ್ಲ ನೋಟಿಸಿನ ಕೊನೆಗೂ ಇರುವ ಸಾಲು. ಮಾವ ಅದನ್ನು ಭೂತಗನ್ನಡಿ ಹಿಡಿದು ದಿನಕ್ಕೆ ಹತ್ತು ಸಲ ಓದುತ್ತಾರೆ. ಸೊಸೆಯ ಹೆಸರು ನೆನಪಿಲ್ಲದವರಿಗೆ ಈ ಗಡುವು ಮಾತ್ರ ಮರೆಯುತ್ತಿಲ್ಲ. ಮೊಹರು ಬಿದ್ದ ಕಾಗದ ಸುಳ್ಳು ಹೇಳುವುದಿಲ್ಲ ಎಂದು ಮೂವತ್ತೊಂದು ವರ್ಷ ನಂಬಿದವರು ಅವರು. ಆದ್ದರಿಂದ ಗಾಳ ಬಚ್ಚಿಟ್ಟದ್ದು ತಾನೇ, ಎಲ್ಲಿಟ್ಟೆನೆಂಬುದು ಮಾತ್ರ ಮರೆತಿದೆ ಎಂದು ಒಪ್ಪಿಕೊಂಡುಬಿಟ್ಟಿದ್ದಾರೆ. ದಿಂಬು ಬಿಚ್ಚಿ ಹತ್ತಿ ತೆಗೆದರು. ಹಿಟ್ಟಿನ ಡಬ್ಬಕ್ಕೆ ಮೊಣಕೈವರೆಗೆ ಕೈ ಹಾಕಿದರು. ಊಟವನ್ನೂ ನಿಂತೇ ಮಾಡುತ್ತಾರೆ. ನೋಡಲಾರದೆ ಅಂಗಡಿಯಿಂದ ಗಾಳವೊಂದನ್ನು ತಂದು ಅವರ ಹಾಸಿಗೆಯಡಿ ಇಟ್ಟೆ. ಸಿಕ್ಕಿತು. ಬೆರಳಲ್ಲಿ ಸವರಿ ನೋಡಿದರು.

“ಇದು ನಂದಲ್ಲಮ್ಮ. ನಂದರ ತುದಿ ಒಂಚೂರು ಎಡಕ್ಕೆ ವಾಲಿತ್ತು.”

“ಇದನ್ನೇ ಕೊಟ್ರಾಯ್ತು ಬಿಡಿ ಮಾವ. ಅವ್ರಿಗೇನು ಗೊತ್ತಾಗತ್ತೆ?”

“ಕಚೇರಿಗೆ ಸುಳ್ಳು ವಸ್ತು ಕೊಡೋದಾ? ನಾನು ಕಳ್ಳ ಅಲ್ಲಮ್ಮ” ಎಂದು ಅದನ್ನು ನನ್ನ ಕೈಗೆ ವಾಪಸು ಕೊಟ್ಟರು.

ನಿನ್ನೆ ಎರಡು ಅಂಗಿ, ಒಂದು ಟವೆಲು, ಹಲ್ಲುಜ್ಜುವ ಬ್ರಷ್ಷು ಒಂದು ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಾರೆ. ಎಲ್ಲಿಗೆ ಹೊರಟಿರಿ ಎಂದು ಕೇಳಿದೆ. “ಹದಿನೈದನೇ ದಿನ ಬರ್ತಾರಲ್ಲ, ಕರ್ಕೊಂಡ್ಹೋಗೋಕೆ. ಆಗ ಪರದಾಡೋದು ಬೇಡ” ಅಂದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕ್ಷಮೆ ಕೇಳಬೇಡಿ, ತನಿಖೆಯೂ ಬೇಡ. ಬೇಕಾದರೆ ನನ್ನ ಮೇಲೆ ಕ್ರಮ ಜರುಗಿಸಿ. ಗಾಳ ಬಿಚ್ಚಿದವಳು ನಾನು. ಆ ಕೋಲನ್ನು ಇದ್ದ ಹಾಗೇ, ಗುಂಡಿಯ ಸಮೇತ ವಾಪಸು ಕೊಡಿ. ಅದರ ಜೊತೆ ಮಾವನ ಹೆಸರಿಗೆ ಒಂದೇ ಒಂದು ಸಾಲು ಬರೆದು ಕಳಿಸಿ: ‘ಸದರಿ ಗಾಳವು ಕಚೇರಿಯಲ್ಲೇ ಸಿಕ್ಕಿದೆ, ತಾವು ಇನ್ನು ಹುಡುಕಬೇಕಾಗಿಲ್ಲ.’ ಸುಳ್ಳು ಬರೆಯಲು ಸಂಕೋಚವಾದರೆ, ಮೊದಲನೆಯದನ್ನು ಬರೆದ ಪೆನ್ನಿನಲ್ಲೇ ಬರೆಯಿರಿ. ಇನ್ನು ನಾಲ್ಕೇ ದಿನವಿದೆ. ಮೊಹರನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿ ಒತ್ತಿಸಿ. ಮಸುಕಾಗಿದ್ದರೆ ಅವರು ನಂಬುವುದಿಲ್ಲ.

ಇಂತಿ,
ಸೂಜಿ ಆರಿಸಲು ಮೂರನೇ ಸಲ ಎದ್ದಿರುವ
ಅವರ ಸೊಸೆ