ಮೊರೇಲಿಯಾದಲ್ಲಿ ತಿದಿ ಒತ್ತಿದ್ದು

ಅಣ್ಣಾ,

ಮೊರೇಲಿಯಾಕ್ಕೆ ಸಂಗೀತ ಕೇಳಲು ಬಂದವಳು ಕಚೇರಿಯನ್ನೇ ಉಳಿಸಿಬಿಟ್ಟೆ! ಇಗರ್ಜಿಯಲ್ಲಿ ಆರ್ಗನ್ ನುಡಿಯುತ್ತಿದ್ದಾಗ ಗಾಳಿಯೂದುವ ಮೋಟಾರು ಕೆಟ್ಟು, ದನಿ ನರಳಿ ನಿಂತುಹೋಯಿತು. "ಹಳೇ ತಿದಿ ಇದೆ, ಒತ್ತೋರು ಬೇಕಲ್ಲ!" ಎಂದು ವಾದಕಿ ಅಟ್ಟದಿಂದ ಕೂಗಿದಳು. ನಾನು ಮೆಟ್ಟಿಲು ಹತ್ತಿದೆ. ಕಾವಲುಗಾರ ಅಡ್ಡ ಬಂದು, "ಇದು ಒಲೆ ಊದೋ ಕೆಲಸ ಅಲ್ಲಜ್ಜೀ" ಎಂದ. "ತಾಮ್ರ ಕಾಸೋರ ಮಗಳು ಕಣಪ್ಪಾ ನಾನು, ಜರುಗು!" ಎಂದೆ.

ನಮ್ಮ ಕುಲುಮೆಯ ಲಯದಲ್ಲೇ ಕೊನೆತನಕ ಒತ್ತಿದೆ. ಒಂದು ಸ್ವರವೂ ಬಾಡಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ವಾದಕಿ ನನ್ನನ್ನೂ ಕೈಹಿಡಿದು ಮುಂದಕ್ಕೆ ಎಳೆದಳು.

ತೋಳು ಬಿಗಿದಿದೆ, ಎಣ್ಣೆ ತಿಕ್ಕಿಕೊಂಡಿದ್ದೇನೆ, ಗಾಬರಿ ಬೇಡ. ಅಂಚೆಯವನು ಚೀಲ ಕಟ್ಟುತ್ತಿದ್ದಾನೆ. ಮೋಟಾರು ರಿಪೇರಿಯಾಯಿತು. ಆದರೂ ನಾಳೆಯ ಕಚೇರಿಗೂ ನಾನೇ ಒತ್ತಬೇಕಂತೆ, ವಾದಕಿಯ ಹಟ!

ನಿನ್ನ ತಂಗಿ
ಒತೀಲಿಯಾ